ಕಿವಿಯಿಲ್ಲದ ಛಲ

ಮಾನ್ಯ ಸಂಪಾದಕರೇ,

ಛಲವನ್ನು ಹೊಗಳಿ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹವನ್ನು ಎರಡು ಸಲ ಓದಿದೆ. ಅರ್ಧಕ್ಕೆ ಬಿಟ್ಟವರು ಸೋತರು, ಪಟ್ಟು ಹಿಡಿದವರು ಗೆದ್ದರು ಎಂಬುದು ಅದರ ತಿರುಳು. ಕೊನೆಗೆ, ಬಿಡದೆ ಕೇಳಿ ಕೇಳಿ ನ್ಯಾಯಾಧಿಪತಿಯಿಂದ ನ್ಯಾಯ ಪಡೆದ ವಿಧವೆಯ ಬಗ್ಗೆ ಯೇಸು ಹೇಳಿದ ಸಾಮ್ಯವನ್ನೂ (ನೀತಿಕಥೆಯನ್ನೂ) ತಂದು, ಬಿಡದೆ ಬೇಡಿದರೆ ದೇವರೂ ಮಣಿಯುತ್ತಾನೆ ಎಂದು ಲೇಖಕರು ಮುಗಿಸಿದ್ದರು. ಒಳ್ಳೆಯ ಮನಸ್ಸಿನಿಂದ ಬರೆದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಅಚ್ಚಾದ ವಾರವೇ ಒಬ್ಬ ಯುವಕ ಆ ಬರಹವನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ನನ್ನನ್ನು ಹುಡುಕಿಕೊಂಡು ಬಂದ. ನಾನು ಗಣಿತ ಕಲಿಸಿದ ಹುಡುಗ. ಈಗ ನಮ್ಮ ಕ್ರೈಸ್ತ ಸಭೆಯ ಯುವಕರ ಕೂಟದಲ್ಲಿ ಗಿಟಾರ್ ನುಡಿಸುತ್ತಾನೆ. ಆ ಕಾಗದವನ್ನು ಮೇಜಿನ ಮೇಲೆ ಹರಡಿ, ಮಡಿಕೆಗಳನ್ನು ಅಂಗೈಯಿಂದ ನೀವಿ, "ನೋಡಿ ಸರ್, ನಾನು ಮಾಡುತ್ತಿರುವುದು ತಪ್ಪಲ್ಲ" ಎಂದ.

ಅವನು ಮಾಡುತ್ತಿರುವುದು ಇಷ್ಟು. ಒಬ್ಬ ಹುಡುಗಿಯನ್ನು ಮೆಚ್ಚಿದ್ದಾನೆ. ಅವಳು ಆಗದು ಎಂದಿದ್ದಾಳೆ, ಒಮ್ಮೆಯಲ್ಲ, ಮೂರು ಬಾರಿ. ಅವನ ನಂಬರನ್ನು ಬ್ಲಾಕ್ ಮಾಡಿದ್ದಾಳೆ. ಅವನು ಎರಡನೆಯ ಸಿಮ್ ಕೊಂಡಿದ್ದಾನೆ. ವಾರಕ್ಕೆ ಎರಡು ದಿನ ಉಪವಾಸವಿದ್ದು, ನಡುರಾತ್ರಿ ಮೂರು ಗಂಟೆಗೆ ಎದ್ದು ಪ್ರಾರ್ಥಿಸುತ್ತಾನೆ. ಅವಳೇ ತನ್ನ ಹೆಂಡತಿಯೆಂದು ದೇವರು ತನಗೆ ತೋರಿಸಿಕೊಟ್ಟಿದ್ದಾನಂತೆ. ಅವಳ ಹೃದಯ ಸದ್ಯಕ್ಕೆ ಕಠಿಣವಾಗಿದೆಯಂತೆ. ಯೆರಿಕೋವಿನ ಗೋಡೆಯ ಹಾಗೆ ಏಳನೆಯ ಸುತ್ತಿಗೆ ಅದು ಬಿದ್ದೇ ಬೀಳುತ್ತದಂತೆ. ಹೇಳುವಾಗ ಅವನ ಬೆರಳುಗಳು ನಡುಗುತ್ತಿದ್ದವು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ಮೊದಲು ಆ ಹುಡುಗಿಯನ್ನು ನೆನೆದು, ಆಮೇಲೆ ಎದುರಿಗೆ ಕುಳಿತ ಇವನನ್ನು ನೋಡಿ, ನನಗೆ ಭಯವಾಯಿತು. ಅವನು ಆಡಿದ ಒಂದೊಂದು ಮಾತನ್ನೂ ಮೂವತ್ತೇಳು ವರ್ಷಗಳ ಹಿಂದೆ ನಾನು ಆಡಿದ್ದೆ. ಈ ಪತ್ರ ಬರೆಯಲು ಅದೇ ಕಾರಣ. ನನ್ನ ಹೆಸರನ್ನು ದಯವಿಟ್ಟು ಪ್ರಕಟಿಸಬೇಡಿ. ನನಗೆ ನಾಚಿಕೆಯೆಂದಲ್ಲ, ನನ್ನ ಹೆಸರಿನಿಂದ ಇನ್ನೊಬ್ಬರ ಗುರುತು ಹತ್ತಬಾರದು.

ಆಗ ನನಗೆ ಇಪ್ಪತ್ತಾರು ವರ್ಷ. ಸಭೆಯ ಗಾಯನ ತಂಡದಲ್ಲಿ ಆಲ್ಟೊ (ಹೆಂಗಸರ ಕೆಳದನಿಯ) ಸಾಲಿನಲ್ಲಿ ನಿಂತು ಹಾಡುತ್ತಿದ್ದ ಒಬ್ಬರನ್ನು ಮೆಚ್ಚಿದೆ. ಹೇಳಿಕೊಂಡೆ. ಅವರು ಮರ್ಯಾದೆಯಿಂದ, ಸ್ಪಷ್ಟವಾಗಿ, ಬೇಡ ಎಂದರು. ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಐದು ವರ್ಷ ನಾಲ್ಕು ತಿಂಗಳು ಎಳೆಯಿತು.

ನೀಲಿ ರಟ್ಟಿನ, ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೆ. ಮೊದಲ ಪುಟದಲ್ಲಿ ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಮೊದಲ ವಚನ: ಬೇಸರಗೊಳ್ಳದೆ ಯಾವಾಗಲೂ ಪ್ರಾರ್ಥಿಸಬೇಕೆಂಬುದು. ಉಳಿದ ಪುಟಗಳಲ್ಲಿ ಎಡಕ್ಕೆ ತಾರೀಖು, ಬಲಕ್ಕೆ 'ಗುರುತು'. ಗಿದ್ಯೋನನು ಕಣದಲ್ಲಿ ಕುರಿಯ ಉಣ್ಣೆಯನ್ನಿಟ್ಟು ಒಂದು ರಾತ್ರಿ ಉಣ್ಣೆ ಮಾತ್ರ ನೆನೆಯಲಿ, ಮರುರಾತ್ರಿ ನೆಲ ಮಾತ್ರ ನೆನೆಯಲಿ ಎಂದು ದೇವರನ್ನು ಕೇಳಿದನಲ್ಲ, ಹಾಗೆ ನಾನೂ ಕೇಳತೊಡಗಿದೆ. ಇಂದು ಓದುವ ಪಾಠದಲ್ಲಿ 'ಕಾದಿರು' ಎಂಬ ಮಾತು ಬಂದರೆ ಗುರುತು. ಮೆಟ್ಟಿಲಿಳಿಯುವಾಗ ಅವರು ಒಮ್ಮೆ ಹಿಂದಿರುಗಿ ನೋಡಿದರೆ ಗುರುತು. ಕೀರ್ತನೆಗಳಲ್ಲಿ 'ಕಾದಿರು' ಎಂಬ ಮಾತು ಎಷ್ಟು ಸಲ ಬರುತ್ತದೆಂದು ಬೈಬಲ್ ಓದುವವರಿಗೆಲ್ಲ ಗೊತ್ತು. ಗುರುತು ಸಿಗದ ದಿನ ಬಲಗಡೆ ಖಾಲಿ ಬಿಡುತ್ತಿದ್ದೆ. 'ಇಲ್ಲ' ಎಂದು ಒಂದು ದಿನವೂ ಬರೆಯಲಿಲ್ಲ. ಗಿದ್ಯೋನನಿಗೆ ದೇವರ ಅಪ್ಪಣೆ ಮೊದಲೇ ಆಗಿತ್ತು, ಮನಸ್ಸಿಲ್ಲದಿದ್ದವನು ಗಿದ್ಯೋನ. ನನಗೆ ಯಾವ ಅಪ್ಪಣೆಯೂ ಆಗಿರಲಿಲ್ಲ, ಮನಸ್ಸು ಮಾತ್ರ ಇತ್ತು. ಆ ಅಧ್ಯಾಯವನ್ನು ಎಷ್ಟು ಸಲ ಓದಿದರೂ ಈ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಕುಳಿತುಕೊಳ್ಳುತ್ತಿದ್ದುದು ನಾಲ್ಕನೆಯ ಬೆಂಚಿನ ತುದಿಯಲ್ಲಿ. ಅಲ್ಲಿಂದ ಆಲ್ಟೊ ಸಾಲು ನೇರವಾಗಿ ಕಾಣುತ್ತದೆ. ಎರಡನೆಯ ವರ್ಷ ಅವರು ಸ್ಥಳ ಬದಲಾಯಿಸಿ ಕಂಬದ ಮರೆಗೆ ನಿಲ್ಲತೊಡಗಿದರು. ನೋಟ್‌ಬುಕ್ಕಿನಲ್ಲಿ ಆ ದಿನ ಹೀಗೆ ಬರೆದಿದ್ದೇನೆ: 'ನನ್ನನ್ನು ನೋಡಿದರೆ ಮನಸ್ಸು ಕರಗುತ್ತದೆಂದು ಅಂಜಿದ್ದಾರೆ.' ಈ ಸಾಲನ್ನು ಇವತ್ತು ಓದಿದರೂ ಮೈ ಜುಮ್ಮೆನ್ನುತ್ತದೆ.

ಹನ್ನೊಂದು ಪತ್ರ ಬರೆದೆ. ಯಾಕೋಬನು ರಾಹೇಲಳಿಗಾಗಿ ಏಳು ವರ್ಷ ದುಡಿದನು, ಅವಳ ಮೇಲಿನ ಪ್ರೀತಿಯಿಂದ ಆ ವರ್ಷಗಳು ಅವನಿಗೆ ಸ್ವಲ್ಪ ದಿನಗಳಂತೆ ಕಂಡವು ಎಂಬ ಆದಿಕಾಂಡದ ಮಾತನ್ನು ಐದರಲ್ಲಾದರೂ ಎತ್ತಿ ಬರೆದಿದ್ದೆ. ಯಾಕೋಬನ ಆ ಏಳು ವರ್ಷಕ್ಕೆ ಮೊದಲೇ ರಾಹೇಲಳ ತಂದೆಯೊಡನೆ ಮಾತುಕತೆಯಾಗಿ, ಒಪ್ಪಿಗೆ ಸಿಕ್ಕಿತ್ತು ಎಂಬುದನ್ನು ಒಂದರಲ್ಲೂ ಬರೆಯಲಿಲ್ಲ. ಮೂರನೆಯ ವರ್ಷ, ಆರಾಧನೆ ಮುಗಿದ ಮೇಲೆ ಜಗುಲಿಯಲ್ಲಿ ಅವರು ಎಲ್ಲ ಪತ್ರಗಳನ್ನೂ ರಬ್ಬರ್ ಬ್ಯಾಂಡ್ ಸುತ್ತಿ ನನ್ನ ಕೈಗೆ ಹಿಂತಿರುಗಿಸಿದರು. ಕೆಲವು ಒಡೆದಿರಲೂ ಇಲ್ಲ. "ದೇವರು ನಿಮಗೆ ಹೇಳಿದ್ದರೆ ನನಗೂ ಹೇಳಬಹುದಾಗಿತ್ತು. ಪ್ರಾರ್ಥನೆ ಮಾಡಲು ನನಗೂ ಬರುತ್ತದೆ" ಎಂದರು. ಅವರ ಕೈ ನಡುಗುತ್ತಿತ್ತು. ನಾನು ಮನೆಗೆ ಬಂದು ಆ ನಡುಕವನ್ನೂ ಗುರುತೆಂದು ಬರೆದುಕೊಂಡೆ. ಅದು ಹೆದರಿಕೆಯ ನಡುಕವೆಂದು ನನಗೆ ಹೊಳೆಯಲು ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರು ಗಾಯನ ತಂಡವನ್ನೇ ಬಿಟ್ಟಿದ್ದರು. ಅಷ್ಟು ಚೆನ್ನಾಗಿ ಹಾಡುತ್ತಿದ್ದ ಒಬ್ಬರು ದೇವರ ಮನೆಯಲ್ಲಿ ಬಾಯಿ ಮುಚ್ಚಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವಂತೆ ಮಾಡಿದ್ದು ನನ್ನ ಪ್ರಾರ್ಥನೆ.

ಇದನ್ನೆಲ್ಲ ನಾನು ಕಳ್ಳತನದಲ್ಲಿ ಮಾಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಜನ ನನ್ನನ್ನು ಪ್ರಾರ್ಥನಾಶೀಲ ಎಂದು ಕರೆಯುತ್ತಿದ್ದರು. ಉಪವಾಸದಿಂದ ಕೃಶನಾದ ನನ್ನನ್ನು ಕಿರಿಯರಿಗೆ ಮಾದರಿಯಾಗಿ ತೋರಿಸಿದವರಿದ್ದಾರೆ. ಹೊರಗಿನಿಂದ ಬಂದಿದ್ದ ಒಬ್ಬ ಪ್ರಸಂಗಿ ನನ್ನ ತಲೆಯ ಮೇಲೆ ಕೈಯಿಟ್ಟು, "ಬಿಡಬೇಡ, ನಿನ್ನದು ನಿನಗೆ ಸಿಗುತ್ತದೆ" ಎಂದರು. ಯಾವುದಕ್ಕಾಗಿ ಪ್ರಾರ್ಥಿಸುತ್ತಿದ್ದೀಯ ಎಂದು ಕೇಳಲಿಲ್ಲ. ಆ ಕಾಲದಲ್ಲೇ ನನ್ನ ತಾಯಿಯ ಕಣ್ಣು ಮಂದವಾಗುತ್ತಿತ್ತು. ಸಂಜೆ ಒಂದು ಕೀರ್ತನೆ ಓದಿ ಹೇಳು ಎಂದು ಕೇಳುತ್ತಿದ್ದರು. ನನಗೆ ಪ್ರಾರ್ಥನೆಯಿದೆ ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ನನ್ನನ್ನು ತಡೆದವರು ನಮ್ಮ ಸಭೆಯ ವೃದ್ಧ ಅಯ್ಯನವರು, ಅಂದರೆ ಸಭಾಪಾಲಕರು. ಅವರು ಈಗಿಲ್ಲ. ನೋಟ್‌ಬುಕ್ಕನ್ನು ತರಲು ಹೇಳಿ, ಕನ್ನಡಕ ಏರಿಸಿ, ಒಂದು ಗಂಟೆ ಒಂದು ಮಾತೂ ಆಡದೆ ಓದಿದರು. ಆಮೇಲೆ, "ಇದರಲ್ಲಿ ಆ ಹೆಣ್ಣುಮಗಳ ಹೆಸರು ಎಷ್ಟು ಸಲ ಇದೆ, ಯೇಸುವಿನ ಹೆಸರು ಎಷ್ಟು ಸಲ ಇದೆ? ಲೆಕ್ಕದ ಮೇಷ್ಟ್ರು ನೀನು, ಎಣಿಸಿಕೊಂಡು ಬಾ" ಎಂದು ಹಿಂತಿರುಗಿಸಿದರು. ಆ ರಾತ್ರಿ ಪೆನ್ಸಿಲ್ ಹಿಡಿದು ಎಣಿಸಲು ಕುಳಿತೆ. ಅರ್ಧ ನೋಟ್‌ಬುಕ್ಕಿಗೆ ಅವರ ಹೆಸರು ನಾನೂರು ದಾಟಿತು. ಯೇಸುವಿನ ಹೆಸರು ಪ್ರತಿ ಪ್ರಾರ್ಥನೆಯ ಕೊನೆಯಲ್ಲಿ, 'ಯೇಸುವಿನ ನಾಮದಲ್ಲಿ ಬೇಡುತ್ತೇನೆ' ಎಂಬ ಕಡೆ ಮಾತ್ರ ಇತ್ತು, ಅರ್ಜಿಯ ತಳದಲ್ಲಿ ಒತ್ತುವ ಮೊಹರಿನಂತೆ. ಎಣಿಸುವುದನ್ನು ನಿಲ್ಲಿಸಿದೆ.

ಮರುದಿನ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಅವಳು ಬೇರೊಬ್ಬನನ್ನು ಮದುವೆಯಾಗಿ ಸುಖವಾಗಿರಲಿ ಎಂದು ಒಂದು ಸಲವಾದರೂ ಪ್ರಾರ್ಥಿಸಿದ್ದೀಯಾ? ಈಗ ನನ್ನೆದುರಿಗೆ ಪ್ರಾರ್ಥಿಸು." ನಾನು ಮೊಣಕಾಲೂರಿದೆ. ನಾಲಿಗೆ ಏಳಲಿಲ್ಲ. ಅಯ್ಯನವರು ಸ್ವಲ್ಪ ಹೊತ್ತು ಕಾದು, "ಹಾಗಾದರೆ ಇಷ್ಟು ವರ್ಷ ನೀನು ಪ್ರಾರ್ಥಿಸಿದ್ದು ಅವಳಿಗಾಗಿ ಅಲ್ಲ" ಎಂದರು. ಬೈಯಲಿಲ್ಲ. ಧ್ವನಿಯನ್ನೂ ಏರಿಸಲಿಲ್ಲ.

ಸಂಪಾದಕರೇ, ನಿಮ್ಮ ಲೇಖಕರು ಎತ್ತಿಕೊಂಡ ವಿಧವೆಯ ಸಾಮ್ಯಕ್ಕೆ ಬರುತ್ತೇನೆ. ಆ ವಿಧವೆ ಕೇಳುತ್ತಿದ್ದುದು ಏನು? ತನ್ನ ಎದುರಾಳಿಯಿಂದ ನ್ಯಾಯ. ಕೇಳುತ್ತಿದ್ದುದು ಯಾರನ್ನು? ನ್ಯಾಯ ಕೊಡುವುದೇ ಕೆಲಸವಾಗಿದ್ದ ನ್ಯಾಯಾಧಿಪತಿಯನ್ನು. ಅವಳಿಗೆ ಸಲ್ಲಬೇಕಾದದ್ದನ್ನು, ಅದನ್ನು ಸಲ್ಲಿಸಬೇಕಾದವನ ಬಾಗಿಲಲ್ಲಿ ನಿಂತು ಕೇಳಿದಳು. ಆ ಹಟ ಪವಿತ್ರವಾದದ್ದು. ಲಂಚ ಕೇಳುವ ಕಚೇರಿಯ ಮುಂದೆ ವರ್ಷಗಟ್ಟಲೆ ಕೂರುವವರನ್ನು, ಕಾಣೆಯಾದ ಮಗನಿಗಾಗಿ ಠಾಣೆಯ ಮೆಟ್ಟಿಲು ಹತ್ತುವ ತಾಯಂದಿರನ್ನು ಕಂಡಾಗ ನನಗೆ ಆ ವಿಧವೆಯೇ ನೆನಪಾಗುತ್ತಾಳೆ. ಅಂಥವರಿಗೆ ಬಿಟ್ಟುಬಿಡಿ ಎಂದು ಹೇಳುವ ಬಾಯಿ ನನ್ನದಾಗದಿರಲಿ. ಆದರೆ ಇನ್ನೊಬ್ಬರ ಮನಸ್ಸು ನನಗೆ ಸಲ್ಲಬೇಕಾದ ಬಾಕಿಯಲ್ಲ. ಅದನ್ನು ನನಗೆ ಕೊಡಿಸಬೇಕೆಂದು ದೇವರ ಬಾಗಿಲು ಬಡಿದರೆ, ವಿಧವೆಯ ಜಾಗದಲ್ಲಿ ನಾನಿರುವುದಿಲ್ಲ; ಕೊಡಲೊಪ್ಪದ ನಾಬೋತನ ದ್ರಾಕ್ಷಿತೋಟ ಸಿಗಲಿಲ್ಲವೆಂದು ಹಾಸಿಗೆಯಲ್ಲಿ ಮುಖ ಆ ಕಡೆ ತಿರುಗಿಸಿಕೊಂಡು ಊಟ ಬಿಟ್ಟು ಮಲಗಿದ ಅರಸ ಅಹಾಬನ ಜಾಗದಲ್ಲಿರುತ್ತೇನೆ. ಅಹಾಬನೂ ಊಟ ಬಿಟ್ಟಿದ್ದ. ಊಟ ಬಿಟ್ಟ ಮಾತ್ರಕ್ಕೆ ಅದು ಉಪವಾಸವಾಗುವುದಿಲ್ಲ.

ಇದಕ್ಕಿಂತ ಕಠಿಣವಾದ ಕಥೆ ಸಮುವೇಲನ ಎರಡನೆಯ ಗ್ರಂಥದಲ್ಲಿದೆ. ನಮ್ಮ ಸಭೆಗಳಲ್ಲಿ ಅದನ್ನು ಓದುವುದೇ ಅಪರೂಪ. ದಾವೀದನ ಮಗ ಅಮ್ನೋನನು ತಾಮಾರಳ ಮೇಲಿನ ಆಸೆಯಿಂದ ಕಾಯಿಲೆ ಬೀಳುವಷ್ಟು ಕೊರಗಿದ. ಯೋನಾದಾಬನೆಂಬ ಜಾಣ ಗೆಳೆಯ, ದಿನದಿಂದ ದಿನಕ್ಕೆ ಸೊರಗುತ್ತಿದ್ದೀಯಲ್ಲ ಎಂದು ಮರುಗಿ, ಅವಳನ್ನು ಹತ್ತಿರ ಬರುವಂತೆ ಮಾಡುವ ಉಪಾಯ ಹೇಳಿಕೊಟ್ಟ. ಅವಳು ಬೇಡವೆಂದಳು, ಕಾರಣ ಕೊಟ್ಟು ಬೇಡಿಕೊಂಡಳು. ಅವನು ಕಿವಿಗೊಡಲಿಲ್ಲ, ಬಲಾತ್ಕಾರ ಮಾಡಿದ. ಆಮೇಲಿನ ವಚನ ನನ್ನನ್ನು ಬಹಳ ದಿನ ನಿದ್ದೆಗೆಡಿಸಿತು: ಮೊದಲು ಅವಳ ಮೇಲೆ ಎಷ್ಟು ಪ್ರೀತಿಯಿತ್ತೋ ಅದಕ್ಕಿಂತ ಹೆಚ್ಚಾದ ಹಗೆ ಅವನಲ್ಲಿ ಹುಟ್ಟಿತು. ಗೀಳು ಎಂಬುದು ಅತಿಯಾದ ಪ್ರೀತಿಯೆಂದು ಜನ ತಿಳಿದಿದ್ದಾರೆ. ಅದು ಪ್ರೀತಿಯೇ ಅಲ್ಲವೆಂದು ಆ ಒಂದು ವಚನ ಹೇಳುತ್ತದೆ. ಬಿಡಬೇಡ, ಪ್ರಯತ್ನಿಸು ಎಂದು ಬೆನ್ನು ತಟ್ಟುವ ಗೆಳೆಯರು ತಾವು ಯೋನಾದಾಬನ ಕೆಲಸ ಮಾಡುತ್ತಿಲ್ಲವಷ್ಟೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಯೇಸುವಿನ ರೀತಿ ಬೇರೆ. ಬಹಳ ಆಸ್ತಿಯಿದ್ದ ಒಬ್ಬನು ಓಡಿಬಂದು ಮೊಣಕಾಲೂರಿ, ನಿತ್ಯಜೀವಕ್ಕೆ ಏನು ಮಾಡಬೇಕೆಂದು ಕೇಳಿದನು. ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನು ಎಂದು ಮಾರ್ಕನು ಬರೆಯುತ್ತಾನೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂಬ ಉತ್ತರ ಕೇಳಿ ಅವನು ದುಃಖದಿಂದ ಹೊರಟುಹೋದನು. ಯೇಸು ಅವನ ಹಿಂದೆ ಓಡಲಿಲ್ಲ, ಶರತ್ತನ್ನು ಸಡಿಲಿಸಿ ಕರೆಯಲೂ ಇಲ್ಲ. ಹೋಗಲು ಬಿಟ್ಟನು. ತಪ್ಪಿಹೋದ ಮಗನ ಸಾಮ್ಯದಲ್ಲಿಯೂ ತಂದೆ ದೂರದೇಶಕ್ಕೆ ಆಳುಗಳನ್ನು ಅಟ್ಟಲಿಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ಕಂಡು ಓಡಿದನು ಎಂದಮೇಲೆ, ಅವನ ಕಣ್ಣು ದಾರಿಯ ಮೇಲೆಯೇ ಇತ್ತು. ಮನೆ, ಹೊಲ, ಹಿರಿಯ ಮಗ ಎಲ್ಲವನ್ನೂ ನೋಡಿಕೊಳ್ಳುತ್ತಲೇ ಇದ್ದನು. ಪ್ರಕಟಣೆ ಗ್ರಂಥದಲ್ಲಿ ಕ್ರಿಸ್ತನು ಬಾಗಿಲಲ್ಲಿ ನಿಂತು ತಟ್ಟುತ್ತಾನೆ. ಒಳಗಿನವರು ತೆರೆದರೆ ಬರುತ್ತೇನೆ ಎನ್ನುತ್ತಾನೆ. ಲೋಕದ ಒಡೆಯನೇ ಚಿಲಕವನ್ನು ಒಳಗಿನವರ ಕೈಗೆ ಬಿಟ್ಟಿರುವಾಗ, ಅವನ ಹೆಸರು ಹೇಳಿಕೊಂಡು ನಾನು ಕಿಟಕಿ ಹತ್ತುತ್ತಿದ್ದೆ.

ಬೇಡ ಎಂಬ ಮಾತನ್ನು ದೊಡ್ಡವರೂ ಕೇಳಿಸಿಕೊಂಡಿದ್ದಾರೆ. ಮೋಶೆ ನಲವತ್ತು ವರ್ಷ ಜನರನ್ನು ನಡೆಸಿದ ಮೇಲೆ, ಯೊರ್ದನ್ ದಾಟಿ ಆ ಒಳ್ಳೆಯ ದೇಶವನ್ನು ನೋಡಗೊಡಿಸು ಎಂದು ಅಂಗಲಾಚಿದಾಗ, ಸಾಕು, ಈ ವಿಷಯವನ್ನು ಇನ್ನು ನನ್ನ ಸಂಗಡ ಎತ್ತಬೇಡ ಎಂದು ದೇವರು ಹೇಳಿದ್ದು ಧರ್ಮೋಪದೇಶಕಾಂಡದ 3ನೆಯ ಅಧ್ಯಾಯದಲ್ಲಿದೆ. ಅಯ್ಯನವರು ನನಗೆ ಓದಿಸಿದ ಮೊದಲ ವಚನ ಅದು. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಲ ಬೇಡಿದನು. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂದ ಮೇಲೆ ನಾಲ್ಕನೆಯ ಸಲ ಬೇಡಲಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುವೂ ಒಂದೇ ಮಾತನ್ನು ಮೂರು ಸಲ ಪ್ರಾರ್ಥಿಸಿ ಎದ್ದನು. ಮೂರು ಎಂಬುದು ಮಿತಿಯೆಂದು ನಾನು ಹೇಳುತ್ತಿಲ್ಲ. ಎದ್ದನು ಎಂಬುದನ್ನು ಹೇಳುತ್ತಿದ್ದೇನೆ. ಫಲ ಕೊಡದ ಅಂಜೂರದ ಮರದ ಸಾಮ್ಯದಲ್ಲಿಯೂ ತೋಟಗಾರನು ಕೇಳಿದ್ದು ಇನ್ನೊಂದು ವರ್ಷ. ಅಗೆದು ಗೊಬ್ಬರ ಹಾಕುತ್ತೇನೆ, ಆಗಲೂ ಬಿಡದಿದ್ದರೆ ಕಡಿಸು ಎಂದನು. ತಾಳ್ಮೆಗೂ ಅವನ ಮನಸ್ಸಿನಲ್ಲಿ ಒಂದು ಅವಧಿಯಿತ್ತು.

ಹೀಗೆಂದರೆ ಕೆಲವರು, ಕಷ್ಟ ಬಂದೊಡನೆ ಬಿಟ್ಟುಬಿಡುವುದನ್ನು ಬೋಧಿಸುತ್ತಿದ್ದೀರಾ ಎಂದು ಕೇಳಿಯಾರು. ಇಲ್ಲ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ನೋಡಿ. ಸುವಾರ್ತೆ ಸಾರುತ್ತಿದ್ದ ಪೌಲನ ಗುಂಪು ಆಸ್ಯ ಸೀಮೆಗೆ ಹೋಗಬೇಕೆಂದಿತ್ತು, ತಡೆಯಾಯಿತು. ಬಿಥೂನ್ಯಕ್ಕೆ ಹೊರಟಿತು, ಅಲ್ಲಿಯೂ ತಡೆಯಾಯಿತು. ಬಿಥೂನ್ಯವೇ ಬೇಕೆಂದು ಗಡಿಯಲ್ಲಿ ಕುಳಿತು ಉಪವಾಸ ಮಾಡಲಿಲ್ಲ; ಕಡಲ ತೀರದ ತ್ರೋವಕ್ಕೆ ಇಳಿದು ಬಂದರು, ಅಲ್ಲಿ ರಾತ್ರಿ ದರ್ಶನವಾಗಿ ಮಕೆದೋನ್ಯಕ್ಕೆ ಹಡಗು ಹತ್ತಿದರು. ಹೋಗುವುದನ್ನು ಪೌಲನು ಸಾಯುವವರೆಗೆ ಬಿಡಲಿಲ್ಲ. ಯಾವ ದಾರಿ ಎಂಬುದನ್ನು ಬಿಟ್ಟುಕೊಟ್ಟ. ಬೈಬಲಿನಲ್ಲಿ ನಾವು ತಾಳ್ಮೆ ಎಂದು ಓದುವ ಹಲವು ಕಡೆ ಗ್ರೀಕ್ ಮೂಲದಲ್ಲಿರುವ ಪದ ಹುಪೊಮೊನೆ. ಭಾರದ ಕೆಳಗೆ ಓಡಿಹೋಗದೆ ಉಳಿದುಕೊಳ್ಳುವುದು ಎಂದು ಅದರ ಅರ್ಥ. ಉಳಿದುಕೊಳ್ಳುವುದು, ಹಿಡಿದುಕೊಳ್ಳುವುದಲ್ಲ. ಕನ್ನಡದ 'ಛಲ' ಎಂಬ ಪದದಲ್ಲಿ ಈ ಎರಡೂ ಬೆರೆತುಹೋಗಿವೆ. ಛಲಕ್ಕೆ ಹೆಸರಾದವನೆಂದು ಪಂಪ ಎಣಿಸಿದ್ದು ದುರ್ಯೋಧನನನ್ನು ಎಂಬುದನ್ನು ನಾವು ಮರೆಯುತ್ತೇವೆ. ಸಂಧಿಗೆ ಬಂದವರ ಮಾತನ್ನು ಆ ಛಲ ಒಮ್ಮೆಯೂ ಕೇಳಿಸಿಕೊಳ್ಳಲಿಲ್ಲ.

ಒಬ್ಬನೇ ಮನುಷ್ಯನಲ್ಲಿ ಎರಡೂ ಇರಬಹುದು. ಅಡೋನಿರಾಮ್ ಜಡ್ಸನ್ ಎಂಬ ಅಮೆರಿಕದ ಮಿಷನರಿ 1813ರಲ್ಲಿ ಬರ್ಮಾಕ್ಕೆ ಹೋದರು. ಮೊದಲ ದೀಕ್ಷಾಸ್ನಾನ ಆದದ್ದು 1819ರಲ್ಲಿ, ಅಂದರೆ ಆರು ವರ್ಷ ಒಬ್ಬರೂ ಬರಲಿಲ್ಲ. ಅವರು ಭಾಷೆ ಕಲಿಯುತ್ತ, ಅನುವಾದ ಮಾಡುತ್ತ ಉಳಿದರು. 1824ರಲ್ಲಿ ಯುದ್ಧದ ಕಾರಣ ಸೆರೆಯಾಗಿ ಸುಮಾರು ಒಂದೂವರೆ ವರ್ಷ ಸಂಕೋಲೆಯಲ್ಲಿದ್ದರು. ಅದು ತಾಳ್ಮೆ. ಬಿಡುಗಡೆಯಾದ ವರ್ಷವೇ, 1826ರಲ್ಲಿ, ಅವರು ದೂರದಲ್ಲಿದ್ದಾಗ ಹೆಂಡತಿ ಆನ್ ತೀರಿಕೊಂಡರು. ಕೆಲವು ತಿಂಗಳಲ್ಲಿ ಎರಡು ವರ್ಷದ ಮಗಳೂ ತೀರಿಹೋದಳು. ಆಮೇಲೆ ಆ ಗಟ್ಟಿ ಮನುಷ್ಯ ಕಾಡಿನಲ್ಲಿ ಒಂದು ಗುಡಿಸಲು ಕಟ್ಟಿಕೊಂಡು ಒಂಟಿಯಾಗಿ ಇರತೊಡಗಿದರು. ತನಗಾಗಿ ಒಂದು ಸಮಾಧಿಯನ್ನು ತಾನೇ ತೋಡಿ, ಅದರ ಅಂಚಿನಲ್ಲಿ ಕುಳಿತು ಅದರೊಳಗೆ ತನ್ನ ದೇಹ ಕೊಳೆಯುವುದನ್ನೇ ಧ್ಯಾನಿಸುತ್ತಿದ್ದರು. ಅದನ್ನೂ ಅವರು ಭಕ್ತಿಯೆಂದೇ ತಿಳಿದಿದ್ದರು, ತನ್ನನ್ನು ತಾನು ನಿರಾಕರಿಸಿಕೊಳ್ಳುವ ಶಿಸ್ತೆಂದು ತಿಳಿದಿದ್ದರು. ದೇವರನ್ನು ನಂಬುತ್ತೇನೆ, ಆದರೆ ಕಾಣಲಾರೆ ಎಂಬ ಅರ್ಥದ ಮಾತನ್ನು ಬರೆದದ್ದು ಆ ದಿನಗಳಲ್ಲೇ. ನಿಧಾನವಾಗಿ ಕೆಲಸಕ್ಕೆ, ಜನರ ನಡುವೆ ಮರಳಿದರು. 1834ರಲ್ಲಿ ಬರ್ಮೀಸ್ ಬೈಬಲ್ ಅನುವಾದವನ್ನು ಮುಗಿಸಿದರು. ಜಡ್ಸನ್ ಅವರ ಸೆರೆಮನೆಯ ಕಥೆಯನ್ನು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆ ತೋಡಿದ ಗುಂಡಿಯ ಕಥೆಯನ್ನು ನಾನು ಪ್ರಸಂಗವೇದಿಕೆಯಿಂದ ಕೇಳಿದ್ದೇ ಇಲ್ಲ. ಕೇಳಿದ್ದರೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ನನಗೆ ಉಪಯೋಗವಾಗುತ್ತಿತ್ತು.

ಮಕ್ಕಳಿಗಾಗಿ ಅಳುವ ತಾಯಂದಿರಿಗೆ ನಾವು ಸದಾ ಮೋನಿಕಳ ಹೆಸರು ಹೇಳುತ್ತೇವೆ, ಪ್ರಾಚೀನ ಕ್ರೈಸ್ತ ಗುರು ಅಗಸ್ಟೀನನ ತಾಯಿ. ಕ್ರಿ.ಶ. 383ರಲ್ಲಿ ಮಗ ಕಾರ್ಥೇಜಿನಿಂದ ರೋಮಿಗೆ ಹೊರಟಾಗ, ಹೋಗಬಾರದೆಂದು ಅವಳು ಬಂದರಿನವರೆಗೂ ಬೆನ್ನು ಹತ್ತಿದಳು. ಗೆಳೆಯನನ್ನು ಬೀಳ್ಕೊಡಬೇಕೆಂದು ಸುಳ್ಳು ಹೇಳಿ, ಅವಳು ಹತ್ತಿರದ ಗುಡಿಯಲ್ಲಿ ರಾತ್ರಿಯಿಡೀ ಪ್ರಾರ್ಥಿಸುತ್ತಿದ್ದಾಗ ಮಗ ಹಡಗು ಹತ್ತಿಬಿಟ್ಟ. ಆ ರಾತ್ರಿಯ ಪ್ರಾರ್ಥನೆಗೆ ಸಿಕ್ಕ ಉತ್ತರ 'ಇಲ್ಲ' ಎಂದೇ. ಆದರೆ ರೋಮಿನಿಂದ ಅವನು ಮಿಲಾನಿಗೆ ಹೋದ, ಅಲ್ಲಿನ ಬಿಷಪ್ ಅಂಬ್ರೋಸನ ಬೋಧನೆ ಕೇಳಿದ, 387ರಲ್ಲಿ ದೀಕ್ಷಾಸ್ನಾನ ಪಡೆದ. ತಾಯಿಯ ಆ ದಿನದ ಬೇಡಿಕೆಯನ್ನು ದೇವರು ತಳ್ಳಿದ್ದು ಅವಳ ಜೀವಮಾನದ ಬೇಡಿಕೆಯನ್ನು ಈಡೇರಿಸಲಿಕ್ಕಾಗಿ ಎಂದು ಅಗಸ್ಟೀನನೇ ಆಮೇಲೆ ಬರೆದ. ಮಕ್ಕಳಿಗಾಗಿ ಪ್ರಾರ್ಥಿಸುವವರು ಪ್ರಾರ್ಥಿಸುತ್ತಲೇ ಇರಲಿ. ಹಡಗು ಯಾವ ಕಡೆ ಹೋಗಬೇಕೆಂಬುದನ್ನು ಮಾತ್ರ ಕೈಬಿಡಲಿ.

ನಮ್ಮ ಸಭೆಯಲ್ಲಿ ಒಬ್ಬ ತಾಯಿಯಿದ್ದಾರೆ. ಹಾಸಿಗೆ ಹಿಡಿದ ಗಂಡನನ್ನು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಗುಣವಾಗಲೆಂದು ದಿನವೂ ಬೇಡುತ್ತಾರೆ. ಆದರೆ ಅವರ ಬಳಿ ಕುಳಿತರೆ ಮೊದಲು ಕೇಳುವುದು ನಿಮ್ಮ ಆರೋಗ್ಯವನ್ನು. ಪಕ್ಕದ ಮನೆಯ ಹುಡುಗಿಯ ಪರೀಕ್ಷೆ ಯಾವತ್ತೆಂದು ಅವರಿಗೆ ನೆನಪಿರುತ್ತದೆ. ನಗುತ್ತಾರೆ. ನಿದ್ದೆ ಮಾಡುತ್ತಾರೆ. ನನ್ನ ಐದು ವರ್ಷಗಳಲ್ಲಿ ನನಗೆ ಯಾರ ಪರೀಕ್ಷೆಯೂ ನೆನಪಿರಲಿಲ್ಲ, ನಾನು ಪಾಠ ಹೇಳಿದ ಮಕ್ಕಳದ್ದೂ ಸಹ.

ಅಯ್ಯನವರು ನನಗೆ ಹಾಕಿದ ಕಟ್ಟಳೆಗಳನ್ನು, ಇಂಥ ಸ್ಥಿತಿಯಲ್ಲಿರುವವರ ಮನೆಯವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಮೂರು ತಿಂಗಳು ಈ ವಿಷಯವಾಗಿ ಪ್ರಾರ್ಥಿಸಕೂಡದು ಎಂದರು. ಪ್ರಾರ್ಥನೆಯನ್ನು ನಿಲ್ಲಿಸು ಎಂದು ಒಬ್ಬ ಸಭಾಪಾಲಕರು ಹೇಳುವುದೇ ಎಂದು ಬೆಚ್ಚಿದೆ. ಕರ್ತನು ಕಲಿಸಿದ ಪ್ರಾರ್ಥನೆಯೊಂದನ್ನು ಹೇಳಿ ಮಲಗು, ನಿನ್ನ ಚಿತ್ತ ನೆರವೇರಲಿ ಎಂಬಲ್ಲಿ ಸ್ವಲ್ಪ ನಿಲ್ಲು ಎಂದರು. ಎಲೀಯನು ಸಾಯಬೇಕೆಂದು ಗಿಡದ ಕೆಳಗೆ ಬಿದ್ದಿದ್ದಾಗ ದೇವದೂತನು ಬುದ್ಧಿ ಹೇಳಲಿಲ್ಲ, ಎದ್ದು ಊಟ ಮಾಡು ಎಂದನು, ಮತ್ತೆ ಮಲಗಗೊಟ್ಟನು ಎಂದು ನೆನಪಿಸಿ ಉಪವಾಸ ಬಿಡಿಸಿದರು. ವೈದ್ಯರ ಬಳಿ ತಾವೇ ಕರೆದುಕೊಂಡು ಹೋದರು. ಒಂದೇ ಯೋಚನೆ ತಿರುತಿರುಗಿ ಬಂದು ನಿದ್ದೆ ಕೆಡಿಸುವುದು ಅಪನಂಬಿಕೆಯಲ್ಲ, ಕಾಲು ಮುರಿದಂತೆ ಅದಕ್ಕೂ ಆರೈಕೆಯಿದೆ ಎಂದರು. ನಾನು ಇನ್ನು ಬೆಳಗಿನ ಆರಾಧನೆಗೆ ಬರಬೇಕು, ಹತ್ತು ಗಂಟೆಯ ಆರಾಧನೆ ಆ ಹೆಣ್ಣುಮಗಳದಾಗಿರಲಿ ಎಂದು ತೀರ್ಮಾನಿಸಿದರು. ಹಾಗಾದರೆ ಕ್ಷಮೆ ಕೇಳಿ ಒಂದು ಪತ್ರ ಬರೆದುಬಿಡುತ್ತೇನೆ ಎಂದೆ. "ಅದು ಹನ್ನೆರಡನೆಯ ಪತ್ರವಾಗುತ್ತದೆ. ಬೇಡ" ಎಂದರು.

ಆ ಪತ್ರವನ್ನು ನಾನು ಇವತ್ತಿನವರೆಗೂ ಬರೆದಿಲ್ಲ. ಮುಂದಿನ ಕ್ರಿಸ್ಮಸ್ಸಿಗೆ ಅವರು ಮತ್ತೆ ಗಾಯನ ತಂಡ ಸೇರಿದರೆಂದು ಬೇರೆಯವರಿಂದ ಕೇಳಿದೆ. ಆ ಸಂಜೆ ತಾಯಿಗೆ ಎರಡು ಕೀರ್ತನೆ ಓದಿದೆ.

ಸಂಪಾದಕರೇ, ಛಲದ ಬರಹಗಳನ್ನು ನಿಲ್ಲಿಸಿ ಎ‌ಂದು ನಾನು ಕೇಳುತ್ತಿಲ್ಲ. ಕಲಿಕೆಯಲ್ಲಿ ಎಡವಿದ ಮಕ್ಕಳಿಗೆ ಅವು ಬೇಕು. ನಾನೇ ತರಗತಿಯಲ್ಲಿ ಎಷ್ಟೋ ಸಲ ಅಂಥವನ್ನು ಓದಿ ಹೇಳಿದ್ದೇನೆ. ಒಬ್ಬ ಮನುಷ್ಯನನ್ನು ಪಡೆಯುವುದು ಪರೀಕ್ಷೆ ಪಾಸು ಮಾಡಿದಂತಲ್ಲ ಎಂಬ ಒಂದು ಸಾಲು ಅವುಗಳಲ್ಲಿರಲಿ. ಸಭೆಯ ಹಿರಿಯರಲ್ಲಿಯೂ ಒಂದು ವಿನಂತಿ. ತಲೆಯ ಮೇಲೆ ಕೈಯಿಡುವ ಮೊದಲು, ಏನನ್ನು ಬೇಡುತ್ತಿದ್ದೀಯ, ಅದರಲ್ಲಿ ಇನ್ನೊಬ್ಬರಿದ್ದಾರೆಯೇ, ಅವರು ಏನೆಂದಿದ್ದಾರೆ ಎಂದು ಕೇಳಿ. ಬೇಡ ಎಂದಿದ್ದಾರೆಂದು ತಿಳಿದರೆ ಕೈಯನ್ನು ತಲೆಯಿಂದ ತೆಗೆದು ಭುಜದ ಮೇಲಿಟ್ಟು, ಮನೆಗೆ ಕರೆದುಕೊಂಡು ಹೋಗಿ.

ಆ ಹುಡುಗನಿಗೆ ನಾನು ಬೋಧನೆ ಮಾಡಲಿಲ್ಲ. ಕಪಾಟಿನಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದು, ಹೆಸರಿರುವ ಕಡೆಯೆಲ್ಲ ಹಿಂದೆಯೇ ಮಸಿ ಬಳಿದಿದ್ದೆನಾದ್ದರಿಂದ, ಅವನ ಮುಂದಿಟ್ಟೆ. ಮೊದಮೊದಲು ಬೇಗ ಬೇಗ ಪುಟ ತಿರುಗಿಸಿದ. ಅವರು ಕಂಬದ ಮರೆಗೆ ಹೋಗಿ ನಿಂತ ದಿನದ ಪುಟಕ್ಕೆ ಬಂದಾಗ ಅವನ ಬೆರಳು ಆ ಸಾಲಿನ ಮೇಲೆ ನಿಂತಿತು. ಬಹಳ ಹೊತ್ತು ತಲೆಯೆತ್ತಲಿಲ್ಲ.

"ಸರ್, ಅವಳು ಬಸ್ ಬದಲಾಯಿಸಿದ್ದಾಳೆ" ಎಂದ. "ಮೊದಲು ಎಂಟೂ ಕಾಲರ ಬಸ್ಸಿಗೆ ಬರುತ್ತಿದ್ದಳು. ಈಗ ಏಳಕ್ಕೇ ಹೋಗುತ್ತಾಳೆ."

ನಾನು ಏನೂ ಹೇಳಲಿಲ್ಲ. ಹೊರಡುವ ಮುಂಚೆ ಮೊಬೈಲ್ ತೆರೆದು ಎರಡನೆಯ ಸಿಮ್ಮನ್ನು ಉಗುರಿನಿಂದ ಎಬ್ಬಿಸಿ ಮೇಜಿನ ಮೇಲಿಟ್ಟ. ಭಾನುವಾರ ಮತ್ತೆ ಬರುತ್ತೇನೆಂದಿದ್ದಾನೆ. ಸಿಮ್ ನನ್ನ ಡ್ರಾಯರಿನಲ್ಲಿದೆ. ನಿಮ್ಮ ಪತ್ರಿಕೆಯ ಆ ತುಂಡನ್ನು ಮಾತ್ರ ಮತ್ತೆ ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಹೋದ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ